ಜಹೀರನ ಇಳಿಜಾರು

ಮತ್ತೆ ಯಾರೋ ಬ್ರೇಕ್ ಹಾಕಿದ್ದರು.

ಆರಿಫ್ ಪರದೆಯ ಹತ್ತಿರ ಮುಖ ತಂದು ನೋಡಿದ. ನಿನ್ನೆ ತಾನೇ ಕಿತ್ತೆಸೆದಿದ್ದ ಬ್ರೇಕಿನ ಹಳದಿ ತುಂಡುಗಳು ರೋಲರ್ ಕೋಸ್ಟರಿನ ಹಳಿಯ ಮೇಲೆ ಮತ್ತೆ ಬಂದು ಕೂತಿದ್ದವು. ಒಂದು ಇಳಿಜಾರನ್ನೂ ಬಿಟ್ಟಿರಲಿಲ್ಲ. ಈ ವಾರದಲ್ಲಿ ಇದು ಮೂರನೆಯ ಸಲ.

ಹಳಿ ಅವನ ತಮ್ಮ ಜಹೀರನದು. ಮನರಂಜನಾ ಪಾರ್ಕ್ ಕಟ್ಟುವ ಕಂಪ್ಯೂಟರ್ ಆಟವೊಂದಿದೆ. ಅದನ್ನಾಡುವವರು ತಮ್ಮದೇ ರೈಡುಗಳನ್ನು ಕಟ್ಟಿ ಆಟದ ಬಳಗದ ಮುಂದೆ ಇಡುತ್ತಾರೆ. ಆ ಬಳಗದಲ್ಲಿ ಬ್ಯಾಡಗಿಯ ಜಹೀರನೆಂದರೆ ವೇಗ. ಇವನ ಗಾಡಿ ಹತ್ತಿದರೆ ಕರುಳು ಬಾಯಿಗೆ ಬರುತ್ತದೆ ಎಂದು ಯಾವ್ಯಾವುದೋ ದೇಶದವರು ಬರೆಯುತ್ತಿದ್ದರು. ಕೊನೆಗೆ ಕಟ್ಟುತ್ತಿದ್ದದ್ದು ಊರಿನ ಮೆಣಸಿನಕಾಯಿಯ ಹಾಗೆ ಕೆಂಪಗೆ, ಸುಕ್ಕುಸುಕ್ಕಾಗಿ ತಿರುಚಿಕೊಂಡ ಕೋಸ್ಟರು. ಅದು ಅರ್ಧಕ್ಕೆ ನಿಂತಿತು. ಜಹೀರನೂ ಅರ್ಧಕ್ಕೇ ಹೋದ.

ವರ್ಷಕ್ಕೊಮ್ಮೆ ಬಳಗದವರು ಒಳ್ಳೆಯ ರೈಡುಗಳನ್ನು ಆರಿಸಿ ಆಟದೊಳಗೇ ಸೇರಿಸುತ್ತಾರೆ, ಕಟ್ಟಿದವರ ಹೆಸರಿನ ಸಮೇತ. ಆರಿಫ್‌ನಿಗೆ ಬೇಕಾಗಿದ್ದು ಅಷ್ಟೇ: ತಮ್ಮನ ಹೆಸರು ಗೋರಿಯ ಕಲ್ಲಿನ ಮೇಲಲ್ಲದೆ ಇನ್ನೊಂದು ಕಡೆಯೂ ಉಳಿಯಬೇಕು. ರಾಣೆಬೆನ್ನೂರಿನ ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ದುಡಿದು ಬಂದು ಸಂಜೆ ಹಳಿ ಜೋಡಿಸುತ್ತಿದ್ದ. ಭಾನುವಾರ ಕೊನೆಯ ದಿನ. ಬ್ರೇಕ್ ಬಿದ್ದ ಕೋಸ್ಟರು ಎತ್ತಿನ ಗಾಡಿಯ ಹಾಗೆ ತೆವಳಿದರೆ ಅದನ್ನು ಯಾರು ಆರಿಸುತ್ತಾರೆ?

ಆಟದಲ್ಲಿ ಜಹೀರನ ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ತಾನು; ಮನೆಯ ಕಂಪ್ಯೂಟರಂತೂ ಅದನ್ನು ಕೇಳುವುದನ್ನೇ ಬಿಟ್ಟಿತ್ತು. ಇನ್ನೊಬ್ಬ ಜಹೀರನ ಗೆಳೆಯ ಹನೀಫ. ಬದಲಾವಣೆಗಳೆಲ್ಲ ಆಗುತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ. ಮಧ್ಯಾಹ್ನ ಕೆಲಸವಿಲ್ಲದೆ ಮನೆಯಲ್ಲಿರುವವನು ಹನೀಫ, ಕಾಲು ಮುರಿದುಕೊಂಡವನು. ಹೆದ್ದಾರಿಯ ಇಳಿಜಾರಿನಲ್ಲಿ ಅವತ್ತು ಬೈಕ್ ಓಡಿಸುತ್ತಿದ್ದವನೂ ಅವನೇ. ಹಿಂದೆ ಕೂತಿದ್ದ ಜಹೀರ ಮಣ್ಣಾದ; ಓಡಿಸಿದವನು ಕುಂಟುತ್ತಾದರೂ ಉಳಿದ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಆರಿಫ್‌ನಿಗೆ ಪ್ರತಿ ಹಳದಿ ತುಂಡಿನಲ್ಲೂ ಹನೀಫನ ಮುಖವೇ ಕಾಣುತ್ತಿತ್ತು.

ಊಟಕ್ಕೆ ಕೂತಾಗ ಅದನ್ನೇ ತಾಯಿಯ ಮುಂದೆ ಕಕ್ಕಿದ. ರಮಜಾನಬಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ನೀಡಿದಳು.

"ಹನೀಫಗ ಏನೂ ಅನಬ್ಯಾಡಪಾ," ಅಂದಳು. "ಅವ ಮಾಡಿದ್ದಲ್ಲದು."

ಜಹೀರನ ದಫನ್ ಆದ ದಿನದಿಂದಲೂ ಅವಳು ಇದನ್ನೇ ಹೇಳುತ್ತ ಬಂದಿದ್ದಳು. ಆರಿಫ್ ಕಿವಿಗೆ ಹಾಕಿಕೊಳ್ಳಲಿಲ್ಲ.

ರಮಜಾನಬಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಯವಳು. ಮಗ ಹೋದ ಮೇಲೆ ಹೊಸಿಲು ದಾಟಿರಲಿಲ್ಲ. ಈ ವಾರ ಸುಗ್ಗಿ ಶುರುವಾದ ಮೇಲೆ ಮತ್ತೆ ನಸುಕಿಗೆ ಹೋಗಿ ಮಧ್ಯಾಹ್ನ ಬರತೊಡಗಿದ್ದಳು. ಎಷ್ಟು ತೊಳೆದರೂ ಕೈ ಬಿಡದ ಖಾರ ಅದು. ತಾಯಿಯ ಕೈ ಹಿಡಿದ ಮೇಲೆ ಕಣ್ಣು ಮುಟ್ಟಿಕೊಳ್ಳಬಾರದು ಎಂಬುದು ಇಂಥ ಮನೆಗಳ ಮಕ್ಕಳು ನಡೆಯುವುದಕ್ಕೆ ಮೊದಲೇ ಕಲಿಯುವ ಪಾಠ. ಜಹೀರ ಅವಳನ್ನು ಕಂಪ್ಯೂಟರಿನ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು, ಇದು ಹಳಿ, ಇದು ನಿಲ್ದಾಣ ಎಂದು ಒಂದೊಂದನ್ನೂ ಜೋಡಿಸಿ ತೋರಿಸುತ್ತಿದ್ದ. ಗಾಡಿ ಇಳಿಯುವಾಗ ಅವಳು ಕೈ ದೂರ ಹಿಡಿದು ಮೊಣಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವನ ಹೆಣ ಬಂದಾಗ ಕಣ್ಣೊರೆಸಿಕೊಂಡದ್ದೂ ಹಾಗೆಯೇ, ತೋಳಿನಿಂದ. ಆರಿಫ್ ಮಾತ್ರ ಅವತ್ತು ಅಳಲಿಲ್ಲ. ಆಮೇಲೂ ಅಳಲಿಲ್ಲ. ಸಿಟ್ಟು ಎದೆಯ ತುಂಬ ಇದ್ದಾಗ ಅಳುವಿಗೆ ಜಾಗವೆಲ್ಲಿ?

ಶನಿವಾರ ಅಂಗಡಿಯಿಂದ ನೆಟ್ಟಗೆ ಹನೀಫನ ಮನೆಗೆ ಹೋದ. ಒಳಗೆ ಕಾಲಿಡುವ ಮೊದಲೇ ಬಾಯಿಗೆ ಬಂದಂತೆ ಅಂದ. ಒಬ್ಬನನ್ನು ಕೊಂದದ್ದು ಸಾಲದೆ ಅವನ ಕೆಲಸವನ್ನೂ ಕೊಲ್ಲುತ್ತೀಯಾ ಎಂದೂ ಅಂದ. ಹನೀಫ ಗೋಡೆ ಹಿಡಿದು ಎದ್ದು ನಿಂತು ಎಲ್ಲವನ್ನೂ ಕೇಳಿಸಿಕೊಂಡ.

"ನಾ ಹಾಕಿಲ್ರಿ ಭಾಯ್," ಅಂದ ಕೊನೆಗೆ. "ಬ್ರೇಕ್ ಹಾಕಾವಿದ್ರ ಅವತ್ತ ಹಾಕತಿದ್ನಿ."

ಆ ಹುಡುಗನ ಕಣ್ಣು ನೋಡಲಾಗದೆ ಆರಿಫ್ ತಿರುಗಿ ಬಂದುಬಿಟ್ಟ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಚ್ಚಲಿನಲ್ಲಿ ಸಾಬೂನು ಹಚ್ಚಿ ಕೈ ಮುಖ ತೊಳೆದು ಕಂಪ್ಯೂಟರಿನ ಮುಂದೆ ಕೂತ. ಬೆಳಿಗ್ಗೆ ಕಿತ್ತಿದ್ದ ಬ್ರೇಕುಗಳು ಸಂಜೆಗೆ ಮತ್ತೆ ಇದ್ದವು. ಇವತ್ತು ಕೀಳಲು ಮನಸ್ಸಾಗಲಿಲ್ಲ. ಮೌಸ್ ಹಿಡಿದು ಗಾಡಿ ಬಿಟ್ಟ.

ಪುಟ್ಟ ಗೊಂಬೆಗಳನ್ನು ಹೊತ್ತು ಕೆಂಪು ಗಾಡಿ ಏರು ಹತ್ತಿತು. ತುದಿಯಲ್ಲಿ ಒಂದು ಗಳಿಗೆ ನಿಂತು ಇಳಿಯಿತು, ನಿಧಾನವಾಗಿ, ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿಸಿದ ಹಾಗೆ. ಯಾವ ತಿರುವಿನಲ್ಲೂ ಜೋಲಿ ಹೊಡೆಯಲಿಲ್ಲ. ನಿಲ್ದಾಣಕ್ಕೆ ಬಂದು ನಿಂತು ಗಂಟೆ ಬಾರಿಸಿತು. ಹತ್ತಿದ ಗೊಂಬೆಗಳೆಲ್ಲ ಇಳಿದು ನಡೆದುಹೋದವು. ಜಹೀರನ ಹಳಿಯ ಮೇಲೆ ಎಲ್ಲರೂ ತಿರುಗಿ ಬಂದರು, ಜಹೀರನೊಬ್ಬನ ಹೊರತು.

ಆಗ ಅವನಿಗೆ ಅಳು ಬಂತು. ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಒಡೆದು ಬಂತು. ಎರಡೂ ಅಂಗೈಯಲ್ಲಿ ಕಣ್ಣು ಒತ್ತಿ ಒರೆಸಿಕೊಂಡ.

ಬಲಗಣ್ಣು ಭಗ್ಗನೆ ಹೊತ್ತಿಕೊಂಡಿತು.

ಉರಿ ತಾಳಲಾರದೆ ಬಲಗೈ ಮೂಸಿ ನೋಡಿದ: ಮೆಣಸಿನಕಾಯಿಯ ಘಾಟು. ತೊಳೆದ ಕೈ. ತೊಳೆದ ಮೇಲೆ ಅದು ಮುಟ್ಟಿದ್ದು ಮೌಸ್ ಒಂದನ್ನೇ.

ಗಂಟೆಯ ಸದ್ದು ಕೇಳಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತ್ತು. "ಎಲ್ಲಾರೂ ಇಳದ್ರೇನಪಾ?" ಎಂದು ರಮಜಾನಬಿ ಅಲ್ಲಿಂದಲೇ ಕೇಳಿದಳು.