ಮೂರನೆಯ ವಿಷಯ

“ಮೂರನೆಯ ವಿಷಯ ಇವತ್ತು ಮುಗೀಲೇಬೇಕು,” ಎಂದು ನಗರಪಾಲಿಕೆಯ ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಮೂರು ಗಂಟೆ ಇಪ್ಪತ್ತೆರಡು ನಿಮಿಷ. ದ್ವೀಪದ ಹಳೆಯ ಪುರಸಭೆಯ ಸಭಾಂಗಣದ ಬೀಗದ ಕೈ ಮೇಜಿನ ಮೇಲಿತ್ತು. ಅದನ್ನು ಒಯ್ಯಲೆಂದೇ ಅವರು ಮೂರರ ದೋಣಿಗೆ ಬಂದಿದ್ದರು.

ದ್ವೀಪವು ಆಚೆ ದಡದ ನಗರಕ್ಕೆ ಸೇರಿ ಹನ್ನೊಂದು ವರ್ಷಗಳಾಗಿದ್ದವು. ಆದರೆ ಪುರಸಭೆಯ ಕೊನೆಯ ಸಭೆ ಮುಗಿದ ಮೇಲಷ್ಟೇ ಸಭಾಂಗಣ ನಗರದ ವಶವಾಗಬೇಕೆಂದು ವಿಲೀನದ ಆದೇಶ ಹೇಳುತ್ತಿತ್ತು. ಆ ಸಭೆ ಇನ್ನೂ ಮುಗಿದಿರಲಿಲ್ಲ. ಸದಸ್ಯರೇ ಸರಕು ಇಳಿಸಲು ಓಡಬೇಕಿದ್ದ ಕಾಲದ ನಿಯಮವೊಂದಿತ್ತು: ನಾಲ್ಕರ ದೋಣಿ ಕೂಗಿದೊಡನೆ ಸಭೆ ಮುಂದಿನ ತಿಂಗಳಿಗೆ ಹೋಗತಕ್ಕದ್ದು. ಉಳಿದಿದ್ದವರು ಇಬ್ಬರೇ ಸದಸ್ಯರು. ದೋಣಿ ನಿಲ್ದಾಣದ ಕಲ್ಲುಬೆಂಚು ಯಾವ ಕಡೆಗೆ ಮುಖ ಮಾಡಬೇಕೆಂಬ ಮೂರನೆಯ, ಕೊನೆಯ ವಿಷಯದ ಮೇಲೆ ಅವರು ಪ್ರತಿ ತಿಂಗಳೂ ತಪ್ಪದೆ ಜಗಳವಾಡುತ್ತಿದ್ದರು. ಪ್ರತಿ ತಿಂಗಳೂ ದೋಣಿ ಅವರನ್ನು ಉಳಿಸುತ್ತಿತ್ತು. ಸಭಾಂಗಣ ಹಗಲು ವಾಚನಾಲಯವಾಗಿ, ಸಂಜೆ ಹಾಡಿನ ಮನೆಯಾಗಿ ಉಳಿದಿತ್ತು. ನಗರದ ಕೈಗೆ ಹೋದರೆ ಅದು ಹಳೆಯ ಕೊಳವೆಗಳ ಗೋದಾಮು. ಈ ಸಲ ನಗರವು ಮತ ಹಾಕುವ ಅಧಿಕಾರ ಕೊಟ್ಟು ಮೊದಲ ಬಾರಿಗೆ ಒಬ್ಬರನ್ನು ಕಳಿಸಿತ್ತು.

“ಕಡಲಿಗೆ ಬೆನ್ನು ಹಾಕೋದು ಅಂದ್ರೆ ಅನ್ನ ಕೊಟ್ಟವರಿಗೆ ಬೆನ್ನು ತೋರಿಸಿದ ಹಾಗೆ,” ಎಂದರು ಕೊನೆಯ ಅಧ್ಯಕ್ಷೆ.

“ಬೆಂಚು ಊರ ಕಡೆಗೇ ಇರ್ಲಿ. ಊರಲ್ಲಿ ಯಾರು ಎಲ್ಲಿಗೆ ಹೋದ್ರು ಅಂತ ನೋಡದೆ ನಿಮಗೆ ತಿಂದದ್ದು ಅರಗುತ್ತಾ, ಅತ್ತಿಗೆ?” ಎಂದ ಅವರ ಮೈದುನ, ದೋಣಿ ಕಟ್ಟುವ ಬಡಗಿ.

“ನಿನ್ನ ದೋಣಿ ಥರಾನೇ ನಿನ್ನ ಮಾತೂ ಒಂದು ಕಡೆ ವಾಲುತ್ತೆ ಬಿಡು.”

ಕಡಲಿಗೊಂದು, ಊರಿಗೊಂದು ಮತ. ಮೂರನೆಯದು ಅಧಿಕಾರಿಯದು. ಒಂದೇ ಮಾತಿನಲ್ಲಿ ಅವರು ಮುಗಿಸಬಹುದಿತ್ತು. ಅತ್ತಿಗೆ-ಮೈದುನರ ಕಣ್ಣು ಬೀಗದ ಕೈಯ ಮೇಲೆ ಹೋಯಿತು.

“ಸಂಜೆ ಬಿಸಿಲು ಯಾವ ಕಡೆಯಿಂದ ಬೀಳುತ್ತೆ?” ಎಂದು ಅಧಿಕಾರಿ ಕೇಳಿದರು. “ಗಾಳಿ? ಅಳತೆ ಇಲ್ಲದೆ ಮತ ಹಾಕೋಕಾಗಲ್ಲಮ್ಮ.” ಹಾಳೆಯ ಮೇಲೆ ಬೆಂಚು ಬರೆದರು, ಬಾಣ ಎಳೆದರು, ಅಳಿಸಿ ಮತ್ತೆ ಎಳೆದರು. ಬಡಗಿ ಪೆನ್ಸಿಲ್ ಕಸಿದುಕೊಂಡು ತಿದ್ದಿದ. ಅಧ್ಯಕ್ಷೆ ಅದನ್ನೂ ತಿದ್ದಿದರು. ಮೂರು ತಲೆಗಳು ಒಂದೇ ಹಾಳೆಯ ಮೇಲೆ ಬಾಗಿ ನಗುತ್ತಿರುವಾಗ ದೋಣಿ ಕೂಗಿತು.

ಅಧಿಕಾರಿ ದಾಖಲೆ ಪುಸ್ತಕವನ್ನು ತಾವೇ ಎಳೆದುಕೊಂಡು, ‘ಮೂರನೆಯ ವಿಷಯ: ಮುಂದೂಡಲಾಗಿದೆ’ ಎಂದು ದುಂಡಗೆ ಬರೆದು ಸಹಿ ಹಾಕಿದರು. ಗಾಳಿಗೆ ಪುಟ ಮಗುಚದಂತೆ ಬೀಗದ ಕೈಯನ್ನು ಅದರ ಮೇಲಿಟ್ಟು ಎದ್ದರು.

ಖುಷಿಯ ಭರದಲ್ಲಿ ಅಧ್ಯಕ್ಷೆಯ ಬಾಯಿಂದ ಉಪಚಾರದ ಮಾತೊಂದು ಜಾರಿತು: “ಮುಂದಿನ ತಿಂಗಳು ಬೆಳಗಿನ ದೋಣಿಗೇ ಬನ್ನಿ ಸಾರ್, ನಿಧಾನವಾಗಿ ಮಾತಾಡಬಹುದು.”

ಮೈದುನ ಹಣೆ ಚಚ್ಚಿಕೊಂಡ.

“ಬೇಡಮ್ಮ, ನನಗೆ ಮೂರರ ದೋಣಿಯೇ ಸರಿ,” ಎಂದರು ಅಧಿಕಾರಿ, ಮೆಟ್ಟಿಲಿಳಿಯುತ್ತ. “ಬೆಳಗ್ಗೆ ಬಂದ್ರೆ ಅಳತೆಗೆ ಟೈಮ್ ಸಿಕ್ಕಿಬಿಡುತ್ತೆ.”