ಅರ್ಧ ಗಡ್ಡ

ಮೈಯೊಳಗಿನ ಜೀವಕೋಶ ಒಂದು ಎರಡಾಗಬೇಕಾದರೂ ಕಚೇರಿಯ ಅಪ್ಪಣೆ ಬೇಕಾಗಿದ್ದ ಕಾಲ. ಸಾಯಲು ಮಾತ್ರ ಅದು ಯಾರನ್ನೂ ಕೇಳಬೇಕಿರಲಿಲ್ಲ.

ಬಿಸಿ ಗಂಜಿ ಚೆಲ್ಲಿ ಕೊಟ್ರೇಶಿಯ ಮಗಳ ಕಾಲಿನ ಚರ್ಮ ಸತ್ತು ಉದುರಿತ್ತು. ಹೊಸದಕ್ಕೆ ಅಪ್ಪಣೆಯಿಲ್ಲದೆ ಹಸಿ ಗಾಯಕ್ಕೆ ನೊಣ ಮುತ್ತುತ್ತಿದ್ದವು. ಅಪ್ಪಣೆ ಕೊಡುವ ಸಾಹೇಬರೋ ಅವನ ಕ್ಷೌರದಂಗಡಿಯ ಕುರ್ಚಿಯಲ್ಲೇ ಗದ್ದ ಎತ್ತಿ ಕೂತಿದ್ದರು. ನಿನ್ನೆ ಬೋಳಿಸಿದ ಗಡ್ಡ ಮತ್ತೆ ಹುಲುಸಾಗಿ ಬೆಳೆದಿತ್ತು. ಅದಕ್ಕೆ ಅಪ್ಪಣೆ ಒಂದು ದಿನವೂ ತಪ್ಪಿದ್ದಿಲ್ಲ. ಕೊಟ್ರೇಶಿ ಬಲಗೆನ್ನೆಗೆ ಕತ್ತಿ ಹಚ್ಚಿದ.

“ನಮ್ ಹುಡುಗಿ ಕಾಲಿಂದು ಏನಾತ್ರಿ, ಸಾಹೇಬ್ರ?”

“ಚರ್ಮಕ್ಕೇನ್ ಅವಸರ ಐತೋ? ಸರದಿ ಬರ್ಲಿ. ನೀ ಲಗೂನ ಮುಗ್ಸು, ಮದುವಿಗೆ ಹೋಗ್ಬೇಕು.”

ಬಲಗೆನ್ನೆ ನುಣ್ಣಗಾಗಿತ್ತು. ಕೊಟ್ರೇಶಿ ಕತ್ತಿ ಒರೆಸಿ ಮಡಿಚಿಟ್ಟ. ಅವರ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದ.

“ಲೇ, ಎಡಗಡೆದು?”

“ಅದರ ಸರದಿ ಬರ್ಲಿ ತಡೀರಿ, ಸಾಹೇಬ್ರ. ಗಡ್ಡಕ್ಕೇನ್ ಅವಸರ ಐತಿ?”