ಸೋತ ಆಟ

ವಿಶ್ವವಿದ್ಯಾಲಯಕ್ಕೆ ಒಂದೇ ಆಟ ಎಂಬ ನಿಯಮದಂತೆ ಮತದಾನ ಮುಗಿದು ಫುಟ್‌ಬಾಲ್ ಗೆದ್ದಿತ್ತು. ಸೋತ ಬಾಸ್ಕೆಟ್‌ಬಾಲನ್ನು ಎಲ್ಲರ ನೆನಪಿನಿಂದ ತೆಗೆಯುವ ಕೆಲಸ ಬೆಳಿಗ್ಗೆಯಿಂದ ಆರೋಗ್ಯ ಕೇಂದ್ರದಲ್ಲಿ ನಡೆದಿತ್ತು. ಒಬ್ಬೊಬ್ಬರಿಗೆ ಐದು ನಿಮಿಷ, ಆಮೇಲೆ ಒಂದು ಕಪ್ ಚಹಾ.

ಮೈದಾನಕ್ಕೆ ಗೆರೆ ಹಾಕುವ ಗುರುಪಾದಪ್ಪ ಸಾಲಿನಲ್ಲಿ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದ. ಅವನೂ ಫುಟ್‌ಬಾಲಿಗೇ ಮತ ಹಾಕಿದ್ದ. ಹುಲ್ಲಿನ ಮೇಲಾದರೆ ವಾರವಾರವೂ ಸುಣ್ಣದ ಗೆರೆ ಎಳೆಯಬೇಕು, ಸಿಮೆಂಟಿನ ಕೋರ್ಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಮುಗಿಯಿತು. ಕೆಲಸ ಉಳಿಯಲಿ ಎಂದು ಹಾಕಿದ್ದ. ಒಂದು ಕಾಲಕ್ಕೆ ಇಲ್ಲಿನ ಬಾಸ್ಕೆಟ್‌ಬಾಲ್ ನಾಯಕಿಯಾಗಿದ್ದ ಹೆಂಡತಿ ನೀಲಗಂಗಾಳಿಗೆ ಮಾತ್ರ ಇದನ್ನು ಹೇಳಿರಲಿಲ್ಲ.

ಅವನಿಗಿಂತ ಮೊದಲು ಒಳಗೆ ಹೋಗಿದ್ದ ಅವಳು ಚಹಾದ ಕಪ್ ಹಿಡಿದು ಹೊರಬಂದಳು. ತಲೆನೋವು ಇಳಿದವರ ಹಾಗೆ ಮುಖ ಹಗುರಾಗಿತ್ತು.

“ಅಲ್ರೀ, ನಾವಿಬ್ರೂ ಮೊದಲ ಸಲ ಭೆಟ್ಟಿ ಆಗಿದ್ದು ಎಲ್ಲಿ? ಎಷ್ಟ್ ವಿಚಾರ ಮಾಡಿದ್ರೂ ನೆನಪ ಬರವಲ್ದು.”

ತಾನು ಆಗಷ್ಟೇ ಎಳೆದ ಗೆರೆಯ ಹಸಿ ಬಣ್ಣವನ್ನು ಅವಳು ತುಳಿದದ್ದು, ತಾನು ಬೈದದ್ದು, ಆ ಹೆಜ್ಜೆಗುರುತನ್ನು ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟದ್ದು, ಎಲ್ಲ ಗುರುಪಾದಪ್ಪನ ಕಣ್ಣ ಮುಂದೆ ಬಂತು.

“ಬಾಸ್ಕೆಟ್‌ಬಾಲ್ ಕೋರ್ಟ್‌ನ್ಯಾಗ,” ಎಂದ.

“ಹಂಗಂದ್ರ ಏನ್ರೀ?”

ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕರೆದರು.